ಬೆಲ್ಲದ ಮೇಲಿನ ಕಾಟು

೨೦ ನವೆಂಬರ್ ೧೯೯೪, ರವಿವಾರ

ಇಪ್ಪತ್ತೆಂಟು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರನಾಗಿದ್ದು ದಿನಾ ಡೈರಿ ಬರೆದವನು ನಾನು. ಎಷ್ಟಕ್ಕೆ ಹೊರಟೆ, ಯಾವ ಪೇಟೆಗೆ ಹೋದೆ, ಎಷ್ಟು ತಕ್ಕಡಿ ನೋಡಿದೆ, ಎಷ್ಟು ಜಪ್ತಿ ಮಾಡಿದೆ. ನಿವೃತ್ತನಾದಾಗ ಒಂದು ಖಾಲಿ ಡೈರಿ ನನ್ನಲ್ಲೇ ಉಳಿದಿತ್ತು, ಇವತ್ತು ತೆಗೆದೆ. ಬರೆಯಲು ವಿಶೇಷವೇನೂ ಇಲ್ಲ. ಸಂಜೆ ಮನೆಗೆ ಬಂದು ಹೆಂಡತಿ ಸುಗಂಧಾಗೆ ದಿನದ ವರದಿ ಒಪ್ಪಿಸುವ ಚಟವಿತ್ತು. ಅವಳು ಹೋಗಿ ನಾಲ್ಕು ತಿಂಗಳಾಯಿತು, ಚಟ ಮಾತ್ರ ಹೋಗಿಲ್ಲ.

ದುಃಖ ಕಡಿಮೆಯಾಯಿತೇ ಎಂದು ಜನ ಕೇಳುತ್ತಾರೆ. ಬಂದಿದ್ದರಲ್ಲವೇ ಕಡಿಮೆಯಾಗುವುದು. ಚಿತೆಗೆ ಬೆಂಕಿ ಇಟ್ಟ ದಿನವೂ ನನ್ನ ಕಣ್ಣು ಒಣಗಿಯೇ ಇದ್ದವು. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ ಹಾಗಿದ್ದೇನೆ. ಚಹಾಕ್ಕೆ ಸಿಹಿ ಹಾಕುವುದನ್ನು ಬಿಟ್ಟಿದ್ದೇನೆ. ವ್ರತವೇನಲ್ಲ. ಅವಳು ಬೆಲ್ಲದ ಡಬ್ಬಿ ಎಲ್ಲಿಡುತ್ತಿದ್ದಳೋ ನಾನು ಹುಡುಕಲಿಲ್ಲ, ಅಷ್ಟೆ.

ಅವಳ ತಂಗಿ ಜಿನಮತಿ ಎರಡು ಓಣಿ ಆಚೆ ಇದ್ದಾಳೆ. ನಾವು ಜೈನರು, ಕತ್ತಲಾದ ಮೇಲೆ ಉಣ್ಣುವುದಿಲ್ಲ. ಹೊತ್ತು ಮುಳುಗುವ ಮೊದಲು ಊಟದ ಡಬ್ಬಿ ತರುತ್ತಾಳೆ, ನಾನು ತಿನ್ನುವವರೆಗೆ ಎದುರಿಗೇ ಕೂರುತ್ತಾಳೆ. ಅಕ್ಕನ ಗಂಡನೆಂದು ನನ್ನನ್ನು ದಾಜಿ ಎನ್ನುತ್ತಾಳೆ, ಧ್ವನಿ ಮಾತ್ರ ಹೆಡ್‌ಮಾಸ್ತರರದು. ಇವತ್ತು ಹೊಸ ಸುದ್ದಿ ತಂದಳು. ಅವಳ ಮಹಿಳಾ ಮಂಡಳದವರೂ ವಿರುಪಾಕ್ಷಪ್ಪ ವಕೀಲರೂ ಸೇರಿ ತಿಂಗಳ ಮೊದಲ ರವಿವಾರ ನಮ್ಮ ಚಿಕ್ಕೋಡಿಯ ಹೈಸ್ಕೂಲು ಮೈದಾನದಲ್ಲಿ ‘ಸಾಚಾ ಸಂತೆ’ ನಡೆಸುತ್ತಾರಂತೆ. ಬೆಳೆದವರೇ ಬಂದು ಮಾರಬೇಕು, ನಡುವೆ ದಲಾಲರಿಲ್ಲ. ಪ್ಲಾಸ್ಟಿಕ್ ಚೀಲವಿಲ್ಲ, ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ. ತಕ್ಕಡಿ ನೋಡಲು ನಾನು ಬೇಕಂತೆ. ಆಗದು ಎಂದೆ. ಅವಳು ಡಬ್ಬಿ ತೊಳೆಯುತ್ತ, ಭೀಮಗೊಂಡ ಸಾಹೇಬರು ಎಂದು ನನ್ನ ಹೆಸರನ್ನು ಬೋರ್ಡಿನ ಮೇಲೆ ಬರೆಸಿದ್ದೂ ಆಗಿದೆ ಎಂದಳು.

೪ ಡಿಸೆಂಬರ್, ರವಿವಾರ

ಸಂತೆ ಆಯಿತು. ಬೇವಿನ ಗಿಡಗಳ ಕೆಳಗೆ ಇಪ್ಪತ್ತಾರು ಮಂದಿ ಮಾಲು ಹಚ್ಚಿಕೊಂಡು ಕೂತಿದ್ದರು. ತೆಲಸಂಗದ ಕಾಳವ್ವ ಎಂಬ ಮುದುಕಿ ಐದು ಬಗೆಯ ಜೋಳದ ಬೀಜ ತಂದಿದ್ದಳು, ಮಾರಲಿಕ್ಕಲ್ಲ, ಬೇರೆ ಬೀಜಕ್ಕೆ ಬದಲಿ ಕೊಡಲಿಕ್ಕೆ. ಜಿನಮತಿಯ ಮಂಡಳದವರು ಹಳೆಯ ಸೀರೆಗಳಿಂದ ಕೈಚೀಲ ಹೊಲಿದು ಬಾಗಿಲಲ್ಲೇ ಹಂಚಿದರು. ವಕೀಲರ ಕೈಗೆ ಬಂದದ್ದು ಗುಲಾಬಿ ಹೂವಿನ ಚೀಲ. ಹೆಗಲಿಗೆ ಹಾಕಿಕೊಂಡೇ ಭಾಷಣ ಮಾಡಿದರು.

ನಾನು ಎಲ್ಲರ ತೂಕದ ಕಲ್ಲು ನೋಡಿದೆ. ಒಬ್ಬನ ಕಿಲೋ ಕಲ್ಲು ನಲವತ್ತು ಗ್ರಾಂ ಕಡಿಮೆ ಇತ್ತು. ಹಳೆಯ ರೂಢಿ, ಜೇಬಿನಲ್ಲಿದ್ದ ಸೀಮೆಸುಣ್ಣದಿಂದ ಅದರ ಮೇಲೆ ಕಾಟು ಹೊಡೆದೆ. ಎರಡು ಅಡ್ಡ ಗೆರೆ ಎಂದರೆ ನಡೆಯದು, ಮಾತಿಲ್ಲ. ಜನ ಚಪ್ಪಾಳೆ ತಟ್ಟಿದರು. ಬೇರೆ ಯಾರಿಗೋ ತಟ್ಟಿದ ಹಾಗೆ ಕೇಳಿಸಿತು.

ವಕೀಲರ ಭಾಷಣ ಬೆಲ್ಲದ ಮೇಲೆ. ಪೇಟೆಯಲ್ಲಿ ಹಳದಿ ಬೆಲ್ಲಕ್ಕೆ ದರ ಹೆಚ್ಚೆಂದು ಗಾಣದವರು ಕುದಿಯುವ ಕಬ್ಬಿನ ಹಾಲಿಗೆ ಪೌಡರು ಸುರಿಯುತ್ತಾರೆ, ಅದು ಹೊಟ್ಟೆಗೆ ಕೆಟ್ಟದ್ದು, ಇಲ್ಲಿ ಅಂಥದ್ದು ನಡೆಯದು ಎಂದರು. ಕೊನೆಗೆ ಪ್ರಾಸ ಬೇರೆ ಕಟ್ಟಿದರು: ‘ಹಳದಿ ಬೆಲ್ಲ ಪೌಡರ್ ಬೆಲ್ಲ, ಕರಿ ಬೆಲ್ಲ ಸಾಚಾ ಬೆಲ್ಲ.’ ಶಾಲೆ ಮಕ್ಕಳು ಅದನ್ನೇ ಕೂಗುತ್ತ ಮೈದಾನ ಸುತ್ತಿದವು. ಶಿರಗುಪ್ಪಿ ಕಡೆಯ ಹೊಳೆದಂಡೆಯಿಂದ ಬಂದ ರಾವಸಾಹೇಬನ ಬೆಲ್ಲ ಕಾಡಿಗೆಯಂತೆ ಕಪ್ಪಗಿತ್ತು. ಮಧ್ಯಾಹ್ನದೊಳಗೆ ಅಚ್ಚಿನಲ್ಲಿ ಹುಯ್ದ ಪೆಂಟಿ ಒಂದೂ ಉಳಿಯಲಿಲ್ಲ.

ಬೆಲ್ಲ ಪರೀಕ್ಷೆಯನ್ನೂ ನನ್ನ ಕೊರಳಿಗೇ ಕಟ್ಟಿದರು. ಬೆಲ್ಲದ ವಿಷಯ ನನಗೆ ತಿನ್ನುವಷ್ಟೇ ಗೊತ್ತು. ಆದರೆ ‘ನನಗೆ ತಿಳಿಯದು’ ಎಂಬ ಮಾತನ್ನು ಇಪ್ಪತ್ತೆಂಟು ವರ್ಷದಲ್ಲಿ ಆಡಿದವನಲ್ಲ, ಇನ್ನು ಈ ವಯಸ್ಸಿನಲ್ಲಿ ಕಲಿಯುವುದು ಹೇಗೆ. ಹೂಂ ಎಂದೆ.

೧೧ ಡಿಸೆಂಬರ್

ಏನೂ ಇಲ್ಲ. ಬಸದಿಗೆ ಹೋಗಿ ಬಂದೆ. ಊಟ ಆಯಿತು.

೧ ಜನವರಿ ೧೯೯೫, ರವಿವಾರ

ಎರಡನೆಯ ಸಂತೆ. ರಾಯಬಾಗ ರಸ್ತೆಯ ಮಡ್ಡಿ ದಿಬ್ಬದ ಮೇಲಿಂದ ಕೆಂಚವ್ವ ಎಂಬಾಕೆ ಹನ್ನೆರಡು ಪೆಂಟಿ ಬೆಲ್ಲ ತಂದಿದ್ದಳು. ಐವತ್ತರ ಆಸುಪಾಸಿನ ಹೆಂಗಸು, ಗಟ್ಟಿ ಧ್ವನಿ. ಗಂಡ ಮುರಗೆಪ್ಪ ಗಾಣದಲ್ಲಿ ಬೆಲ್ಲ ಕಾಯಿಸುವವನಂತೆ, ಅವನೂ ಹಿಂದೆ ನಿಂತಿದ್ದ. ಅರಿವೆ ಸರಿಸಿದಳು. ಬೆಲ್ಲ ಹೊಂಬಣ್ಣ. ಹಿಂದಿನಿಂದ ಯಾರೋ ‘ಹಳದಿ ಬೆಲ್ಲ’ ಎಂದರು, ಮಕ್ಕಳು ಆ ಪ್ರಾಸ ಶುರು ಮಾಡಿದವು.

ನಾನು ಮೊದಲನೆಯ ಪೆಂಟಿಯ ಮೇಲೆ ಕಾಟು ಹೊಡೆದೆ.

ಅವಳು ಜಗಳವಾಡಲಿಲ್ಲ. “ಸಾಹೇಬ್ರ, ನಮ್ಮದು ಮಸಾರಿ ಹೊಲಾರಿ. ಕೆಂಪು ಮಣ್ಣಿನ ಕಬ್ಬು ಹಿಂಗs ಬರತೈತಿ. ಬೆಂಡಿ ಲೋಳಿ ಬಿಟ್ಟು ಬ್ಯಾರೆ ಏನೂ ಹಾಕಂಗಿಲ್ಲ ನಾವು. ಒಂದು ಚೂರು ಬಾಯಾಗರೆ ಹಾಕೊಂಡ ನೋಡ್ರಿ” ಎಂದಳು. ಇಲ್ಲಿ ಎಲ್ಲರಿಗೂ ಒಂದೇ ನಿಯಮ ಎಂದೆ. ಮುರಗೆಪ್ಪ ನನ್ನ ಮುಖ ನೋಡಿದ, ಬೋರ್ಡಿನ ಮೇಲಿನ ನನ್ನ ಹೆಸರು ನೋಡಿದ, ಬುಟ್ಟಿ ಎತ್ತಿ ಹೆಂಡತಿಯ ತಲೆಯ ಮೇಲಿಟ್ಟ. ಜನ ದಾರಿ ಬಿಟ್ಟರು. ಒಂದಿಬ್ಬರು ನಕ್ಕರು.

ನನಗೆ ಸಿಟ್ಟೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಸುಗಂಧಾ ಇದ್ದಾಗ ಇಂಥ ದಿನ ಮನೆಗೆ ಬಂದು ಹೇಳಿದರೆ ಅವಳು ‘ಮತ್ತೇನಂದ್ರು ಅವರು?’ ಎಂದು ಕೇಳುತ್ತಿದ್ದಳು. ಯಾವಾಗಲೂ ಅದೊಂದೇ ಪ್ರಶ್ನೆ. ಇವತ್ತು ಯಾರೂ ಕೇಳಲಿಲ್ಲ, ನಾನೇ ಬರೆದಿಟ್ಟಿದ್ದೇನೆ.

೫ ಫೆಬ್ರುವರಿ, ರವಿವಾರ

ಮೂರನೆಯ ಸಂತೆ. ಐವತ್ತೆರಡು ಮಂದಿ ಮಾರುವವರು. ಬೆಳಗಾವಿಯಿಂದ ಪತ್ರಿಕೆಯವರೂ ಬಂದು ನನ್ನ ಫೋಟೋ ತೆಗೆದರು, ಸೀಮೆಸುಣ್ಣ ಹಿಡಿದು ನಿಲ್ಲಿ ಎಂದರು, ನಿಂತೆ. ಕರಿ ಬೆಲ್ಲಕ್ಕೆ ಸಾಲು ಹಚ್ಚಿದ್ದರು. ರಾವಸಾಹೇಬ ಒಂದು ಪೆಂಟಿ ನನ್ನ ಮನೆಗೇ ಕಳಿಸಿದ. ದುಡ್ಡು ಕೊಟ್ಟು ಕಳಿಸಿದೆ.

ಕೆಂಚವ್ವ ಬಂದಿರಲಿಲ್ಲ.

ಜಿನಮತಿ ರಾವಸಾಹೇಬನ ಆ ಬೆಲ್ಲವನ್ನು ಹಾಲಿಗೆ ಹಾಕಿದರೆ ಹಾಲು ಒಡೆಯಿತು. ಪಾತ್ರೆ ನನ್ನ ಮೂಗಿನ ಕೆಳಗೆ ಹಿಡಿದು, ಸಾಚಾ ಬೆಲ್ಲದ ಗುಣ ನೋಡಿರಿ ಎಂದಳು. ಹಾಲೇ ಹಳತಿರಬೇಕು ಎಂದೆ.

೯ ಫೆಬ್ರುವರಿ, ಗುರುವಾರ

ಹಳ್ಳಿಗಳಿಂದ ಸಂತೆಗೆ ಮಾಲು ತರುವ ಟೆಂಪೋದ ಜ್ಞಾನದೇವ ಬಾಡಿಗೆಯ ಚೀಟಿಗೆ ಸಹಿ ಹಾಕಿಸಲು ಬಂದಿದ್ದ. ಮುರಗೆಪ್ಪನ ಗಾಣ ಸಂಕ್ರಾಂತಿಯಿಂದ ನಿಂತಿದೆಯಂತೆ. ಅದು ಅವನೊಬ್ಬನ ಕಬ್ಬಿನ ಮೇಲೆ ನಡೆಯುವ ಗಾಣವಲ್ಲ, ಮಡ್ಡಿಯ ಮೂವತ್ತು ಮನೆಯವರು ತಮ್ಮ ಕಬ್ಬು ತಂದು ಅವನ ಕೈಯಲ್ಲಿ ಬೆಲ್ಲ ಮಾಡಿಸುತ್ತಿದ್ದರು. ಕಾಟಿನ ಸುದ್ದಿ ಮುಟ್ಟಿದ ಮೇಲೆ ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು.

ನಾನೇನು ಅವರಿಗೆ ಮುರಗೆಪ್ಪನ ಗಾಣಕ್ಕೆ ಹೋಗಬೇಡಿ ಎಂದೆನೇ, ಎಂದು ಕೇಳಿದೆ. ಜ್ಞಾನದೇವ ಟೋಪಿ ತೆಗೆದು ತಲೆ ಕೆರೆದ. “ನೀವೇನೂ ಅನ್ನಲಿಲ್ಲರಿ. ಬ್ಯಾರೆ ಯಾರರೆ ಕಾಟ ಹೊಡದಿದ್ರ ಮಂದಿ ನಗತಿದ್ರು. ಭೀಮಗೊಂಡ ಸಾಹೇಬ್ರು ಹೊಡದಾರಂದ್ರ ಏನೋ ಇದ್ದs ಇರಬೇಕು ಅಂತಾರ.”

ನಿಯಮವೆಂದರೆ ನಿಯಮ. ಸಹಿ ಹಾಕಿ ಕಳಿಸಿದೆ. ಊಟ ಮಾಡಲಿಲ್ಲ. ಹಸಿವಿರಲಿಲ್ಲ.

೨೨ ಫೆಬ್ರುವರಿ, ಬುಧವಾರ

ರಾವಸಾಹೇಬ ಕೋರ್ಟು ಕೆಲಸಕ್ಕೆ ಬಂದವನು ಮನೆಗೂ ಬಂದ. ದೊಡ್ಡ ಹೊಟ್ಟೆಯ, ನಗುಮುಖದ ಮನುಷ್ಯ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವನಲ್ಲ. ಅದೇ ತೊಂದರೆಯಾಯಿತು. ನಿಮ್ಮ ಬೆಲ್ಲ ಅಷ್ಟು ಕಪ್ಪಗೆ ಹೇಗೆ ಬರುತ್ತದೆ ಎಂದು ಸುಮ್ಮನೆ ಕೇಳಿದೆ. ಅವನು ಹೊಟ್ಟೆ ಕುಣಿಸುತ್ತ ನಕ್ಕ.

“ನಮ್ಮದು ಹೊಳಿದಂಡಿ ಎರಿ ಹೊಲಾ. ನೀರು ಹಾಸಿ ಹಾಸಿ ಉಪ್ಪು ಹಿಡದು ಸವಳಾಗಿ ಕುಂತೈತ್ರಿ. ಸವಳು ಮಣ್ಣಿನ ಕಬ್ಬಿನ ಬೆಲ್ಲ ಎಂದಿದ್ರೂ ಕರ್ರಗs. ಪೌಡರ್ ಹಾಕದಿದ್ರ ಗಟ್ಟಿನೂ ಆಗಾಂಗಿಲ್ಲ. ಮೊದಲ ಡಬ್ಬಿಗಟ್ಟಲೆ ಸುರಿತಿದ್ದೆ, ಹಳದಿ ಆಗಲಿ ಅಂತ. ಈಗ ನಿಮ್ಮ ಸಂತಿ ಪುಣ್ಯದಿಂದ ಅರ್ಧಕ್ಕ ಇಳಿಸೇನಿ. ಖರ್ಚೂ ಕಡಿಮಿ, ದರಾನೂ ಹೆಚ್ಚು.”

ಅವನಿಗೆ ಇದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. ನಾನು ಕಪ್ಪು ಕೇಳಿದ್ದೆ, ಅವನು ಕಪ್ಪು ಕೊಟ್ಟಿದ್ದ.

ಅವನು ಹೋದ ಮೇಲೆ ಲೆಕ್ಕ ಹಾಕಿದೆ. ಪೌಡರು ಹಾಕಿದವನನ್ನು ಹೂಮಾಲೆ ಹಾಕಿ ಕೂರಿಸಿದ್ದೇನೆ, ಹಾಕದವರ ಗಾಣ ಆರಿಸಿದ್ದೇನೆ. ತಲೆಗೆ ಸ್ಪಷ್ಟವಾಗಿ ತಿಳಿಯುತ್ತದೆ, ಎರಡು ಎರಡು ನಾಲ್ಕು ಎಂದ ಹಾಗೆ. ಎದೆಗೆ ಮಾತ್ರ ಸುದ್ದಿ ಮುಟ್ಟಿಲ್ಲ.

೨೬ ಫೆಬ್ರುವರಿ, ರವಿವಾರ

ವಕೀಲರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. ಆಮೇಲೆ, ಸಂತೆ ಇನ್ನೂ ಹಾಲುಗಲ್ಲದ ಕೂಸು, ಈಗಲೇ ನಮ್ಮ ಪರೀಕ್ಷೆಯೇ ತಪ್ಪೆಂದರೆ ದಲಾಲರು ಕುಣಿದಾಡುತ್ತಾರೆ, ರಾವಸಾಹೇಬನಿಗೆ ಒಳಗೊಳಗೇ ತಿಳಿಹೇಳೋಣ, ಆ ಹೆಂಗಸನ್ನು ಬರುವ ವರ್ಷ ಸುಮ್ಮನೆ ಒಳಗೆ ಬಿಟ್ಟರಾಯಿತು ಎಂದರು. ಒಳ್ಳೆಯ ಮನುಷ್ಯ. ಸಂತೆಗಾಗಿ ಸ್ವಂತ ಕೆಲಸ ಬಿಟ್ಟು ಓಡಾಡಿದ್ದಾರೆ.

ನಾನು ಸರಿ ಎಂದೆ. ಸರಿ ಎನ್ನುವುದು ಸುಲಭ.

೭ ಮಾರ್ಚ್, ಮಂಗಳವಾರ

ರಾಯಬಾಗ ಬಸ್ಸು ಹತ್ತಿ ಮಡ್ಡಿಯ ಹತ್ತಿರ ಇಳಿದೆ. ಹೋದದ್ದು ಯಾಕೆ? ತನಿಖೆಗೆ ಎಂದು ಬರೆದುಕೊಳ್ಳುತ್ತೇನೆ.

ಗಾಣದ ಒಲೆಯಲ್ಲಿ ನಾಯಿ ಮಲಗಿತ್ತು. ಕೊಪ್ಪರಿಗೆಯನ್ನು ಬೋರಲು ಹಾಕಿದ್ದರು. ಮುರಗೆಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ, ತಲೆ ಎತ್ತಲಿಲ್ಲ. ಕೆಂಚವ್ವ ಚಾಪೆ ಹಾಸಿ, ತಂಬಿಗೆ ನೀರು ಮತ್ತು ತಾಟಿನಲ್ಲಿ ಒಂದು ತುಂಡು ಬೆಲ್ಲ ತಂದಿಟ್ಟಳು. ನಾನು ನೋಡುತ್ತ ಕೂತೆ.

“ಮನಿಗೆ ಬಂದವರಿಗೆ ಬೆಲ್ಲ ನೀರು ಕೊಡೂದು ಪದ್ಧತಿ ಐತ್ರಿ,” ಎಂದಳು. “ಯಾರಿದ್ರೂ ಕೊಡತೀವಿ.”

ಚೂರು ಮುರಿದು ಬಾಯಿಗೆ ಹಾಕಿ ನೀರು ಕುಡಿದೆ. ಸಿಹಿ ಇತ್ತೋ ಏನೋ, ಗಮನ ಇರಲಿಲ್ಲ. ಎದುರಿನ ಗೂಡಿನಲ್ಲಿ ಆ ಪೆಂಟಿ ಇತ್ತು. ಕಾಟು ಎದುರಿಗೆ ಕಾಣುವ ಹಾಗೆ ಇಟ್ಟಿದ್ದರು. ಹೊಂಬಣ್ಣದ ಮೇಲೆ ಬಿಳಿ ಗೆರೆ, ನನ್ನ ಕೈಯದೇ, ಎರಡೂ ಗೆರೆ ನೇರ.

ಬೆಂಡೆ ಎಲ್ಲಿ ಬೆಳೆಯುತ್ತೀರಿ ಎಂದು ಕೇಳಿದೆ. ಕರೆದುಕೊಂಡು ಹೋಗಿ ಬದುವಿನಲ್ಲಿ ಒಣಗಿ ನಿಂತ ದಂಟುಗಳನ್ನು ತೋರಿಸಿದಳು. ಹಸಿ ದಂಟು ಜಜ್ಜಿ ನೀರಿನಲ್ಲಿ ಕಿವುಚಿದರೆ ಲೋಳೆ ಬರುತ್ತದಂತೆ, ಅದನ್ನು ಕಾಯುವ ಕಬ್ಬಿನ ಹಾಲಿಗೆ ಬಿಟ್ಟರೆ ಹೊಲಸೆಲ್ಲ ಮೇಲೆ ತೇಲಿ ಬರುತ್ತದಂತೆ. ಅದನ್ನು ತೆಗೆಯುತ್ತ ನಿಲ್ಲುವುದೇ ಮುರಗೆಪ್ಪನ ವಿದ್ಯೆ. ಈ ಸುತ್ತಿನಲ್ಲಿ ಬೆಂಡೆ ಬಿಡುವ ಗಾಣ ಇದೊಂದೇ ಉಳಿದಿತ್ತು ಎಂದಳು. ಉಳಿದಿದೆ ಎನ್ನಲಿಲ್ಲ. ಈ ಚೈತ್ರದಲ್ಲಿ ಕೊಪ್ಪರಿಗೆ ಮಾರುತ್ತಾನಂತೆ, ಕೊಳ್ಳುವವರು ನೋಡಿಕೊಂಡೂ ಹೋಗಿದ್ದಾರೆ.

ಆಗ ನಾನು ಹೇಳಬೇಕಾಗಿತ್ತು. ಬಾಯಿ ತೆರೆದೆ, ಬಸ್ಸಿನ ಹೊತ್ತಾಯಿತು ಎಂದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಜಪ್ತಿ ಮಾಡಿದ್ದನ್ನು ತಿರುಗಿ ಕೊಟ್ಟ ದಾಖಲೆ ನನ್ನ ನೌಕರಿಯಲ್ಲಿಲ್ಲ. ಉಳಿದ ಬೆಲ್ಲವನ್ನು ಕೆಂಚವ್ವ ಕಾಗದದಲ್ಲಿ ಸುತ್ತಿ ಕೈಯಲ್ಲಿಟ್ಟಳು. ಜಿನಮತಿ ಅದನ್ನು ಹಾಲಿಗೆ ಹಾಕಿ ನೋಡಿದಳು. ಒಡೆಯಲಿಲ್ಲ. ಲೋಟ ನನ್ನ ಮುಂದಿಟ್ಟು ಹೋದಳು. ನಾನು ಮುಟ್ಟುವ ಹೊತ್ತಿಗೆ ಆರಿ ಹೋಗಿತ್ತು.

೧೮ ಜುಲೈ, ಮಂಗಳವಾರ

ಸುಗಂಧಾ ಹೋಗಿ ಇವತ್ತಿಗೆ ವರ್ಷ. ಮಳೆಗಾಲವೆಂದು ಸಂತೆ ಬಂದ್ ಆಗಿದೆ. ನಾಲ್ಕು ತಿಂಗಳು ಡೈರಿ ಬರೆದಿಲ್ಲ, ಬರೆಯುವಂಥದ್ದು ಇರಲೂ ಇಲ್ಲ.

ಬಸದಿಯಲ್ಲಿ ಪೂಜೆ ಮಾಡಿಸಿ ಬಂದರೆ ಜಗಲಿಯ ಮೇಲೆ ನಿಪ್ಪಾಣಿಯ ಕಿರಾಣಿ ಅಂಗಡಿಯ ಕಾಕಾಸಾಹೇಬ ಕೂತಿದ್ದರು. ನನಗೆ ಗುರುತು ಸಿಗಲಿಲ್ಲ. ಅವರೇ ನೆನಪು ಮಾಡಿಕೊಟ್ಟರು. ಎಪ್ಪತ್ತೊಂಬತ್ತರಲ್ಲಿ ಅವರ ಅಂಗಡಿಯ ಕಲ್ಲು ಜಪ್ತಿ ಮಾಡಿದ್ದೆ, ಅವರ ತಂದೆಯ ಎದುರಿಗೆ, ತುಂಬಿದ ಅಂಗಡಿಯಲ್ಲಿ. ಅಂಥವರು ಇವತ್ತಿನ ದಿನ ಯಾಕೆ ಬಂದಿರಿ ಎಂದೆ.

“ಸುಗಂಧಾ ಬಾಯಾರು ನಮ್ಮ ಮನಿಗೆ ಪ್ರತಿ ವರ್ಷಾ ಬರತಿದ್ರಲ್ಲರಿ, ಕ್ಷಮಾವಾಣಿ ದಿವಸ,” ಎಂದರು. “ನಿಮಗ ಗೊತ್ತಿಲ್ಲೇನು?”

ಭಾದ್ರಪದದಲ್ಲಿ ಹತ್ತು ದಿನದ ಪರ್ವ ಮುಗಿದ ಮೇಲೆ ಕ್ಷಮಾವಾಣಿ ಬರುತ್ತದೆ. ನಮ್ಮವರು ಆ ದಿನ ಮನೆ ಮನೆಗೆ ಹೋಗಿ, ವರ್ಷದಲ್ಲಿ ಏನಾದರೂ ನೋಯಿಸಿದ್ದರೆ ಕ್ಷಮಿಸಿ ಎಂದು ಕೈ ಮುಗಿಯುತ್ತಾರೆ. ಸುಗಂಧಾ ಆ ದಿನ ನಸುಕಿನಲ್ಲೇ ಬಸ್ಸು ಹತ್ತಿ ಹೋಗುತ್ತಿದ್ದಳು. ತವರಿನವರ ಕಡೆ ಹೋಗುತ್ತಾಳೆ ಎಂದುಕೊಂಡಿದ್ದೆ. ಆ ವರ್ಷ ನಾನು ಯಾರ ಯಾರ ಮೇಲೆ ಕೇಸು ಹಾಕಿದ್ದೆನೋ ಅವರ ಮನೆಗಳಿಗೂ, ಹಳಬರಲ್ಲಿ ಕೆಲವರ ಮನೆಗಳಿಗೂ ಹೋಗುತ್ತಿದ್ದಳಂತೆ. ಜಾತಿ ಯಾವುದೇ ಇರಲಿ. ಹೋಗಿ ಬಾಗಿಲಲ್ಲಿ ನಿಂತು, ನಮ್ಮವರ ಪರವಾಗಿ ಕ್ಷಮಿಸಿ ಎನ್ನುತ್ತಿದ್ದಳಂತೆ. ಕಾಕಾಸಾಹೇಬರು ಒಮ್ಮೆ ಕೇಳಿದರಂತೆ, ಕಲ್ಲು ಕಡಿಮೆ ಇದ್ದದ್ದು ಖರೆ, ತಪ್ಪು ನಮ್ಮದೇ, ನೀವ್ಯಾಕೆ ಕ್ಷಮೆ ಕೇಳುತ್ತೀರಿ ಎಂದು. ಅವಳು ಹೇಳಿದ್ದನ್ನು ಅವರು ಹಾಗೇ ಹೇಳಿದರು: “ತಪ್ಪು ಹಿಡದದ್ದಕ್ಕಲ್ಲ ಅಣ್ಣಾ. ಮಂದಿ ಎದುರಿಗೆ ನಿಮ್ಮ ತಂದಿ ಮಾನ ತಗದಾರಲ್ಲ, ಅದಕ್ಕ.”

‘ಮತ್ತೇನಂದ್ರು ಅವರು?’ ಎಂದು ಅವಳು ದಿನಾ ಕೇಳುತ್ತಿದ್ದದ್ದು ಇದಕ್ಕೆ.

ಜಿನಮತಿಗೆ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತಂತೆ, ಒಂದು ವರ್ಷ ಅವಳೂ ಜೊತೆಗೆ ಹೋಗಿದ್ದಳಂತೆ. ಊರಿಗೆಲ್ಲ ಗೊತ್ತಿದ್ದದ್ದು ಇನ್ಸ್‌ಪೆಕ್ಟರನಿಗೊಬ್ಬನಿಗೆ ಗೊತ್ತಿರಲಿಲ್ಲ. ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಇದೆ. ಎದೆಯಲ್ಲಿ ಏನೋ ಒತ್ತಿದ ಹಾಗೆ ಆಗುತ್ತದೆ, ಗ್ಯಾಸು ಇರಬೇಕು.

೧೦ ಸೆಪ್ಟೆಂಬರ್, ರವಿವಾರ

ಕ್ಷಮಾವಾಣಿ. ಬೆಳಗಿನಿಂದ ಹದಿನೇಳು ಮನೆಯವರು ಬಂದರು. ಉತ್ತಮ ಕ್ಷಮಾ ಎಂದರು, ನಾನೂ ಉತ್ತಮ ಕ್ಷಮಾ ಎಂದೆ. ಈ ಹದಿನೇಳು ಮನೆಯವರಿಗೆ ನಾನು ಮಾಡಿದ್ದಾದರೂ ಏನು. ಇವರ ಜೊತೆ ನಾಲ್ಕು ಮಾತೂ ಆಡಿಲ್ಲ.

ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಹೋದೆ. ರಾಯಬಾಗ ಬಸ್ಸು ಬಂತು, ನಿಂತಿತು, ಹೋಯಿತು. ಮನೆಗೆ ಬಂದು ಒಂದು ಕ್ಷಮಾ ಪತ್ರ ಬರೆದೆ. ಅಂಗಡಿಯಲ್ಲಿ ಅಚ್ಚು ಹಾಕಿದ್ದು ಸಿಗುತ್ತದೆ, ಕೆಳಗೆ ಹೆಸರು ಬರೆದರಾಯಿತು. ನಾನು ಹೆಸರಿನ ಮೇಲೆ ಒಂದು ಸಾಲು ಸೇರಿಸಿದೆ: ಬೆಲ್ಲದ ವಿಷಯದಲ್ಲಿ ನನ್ನಿಂದ ತಪ್ಪಾಗಿದೆ. ಕೆಂಚವ್ವಳ ವಿಳಾಸ ಹಾಕಿ ಡಬ್ಬಿಗೆ ಹಾಕಿ ಬಂದೆ. ಮುಗಿಯಿತು.

೧೯ ಸೆಪ್ಟೆಂಬರ್, ಮಂಗಳವಾರ

ಮುಗಿದಿಲ್ಲ.

ಕಾಗದವನ್ನು ಕೆಂಚವ್ವಳಿಗೆ ಓದಿ ಹೇಳಿದವನು ಜ್ಞಾನದೇವನೇ. ಉತ್ತರವನ್ನೂ ಅವನ ಕೈಯಲ್ಲೇ ಹೇಳಿ ಕಳಿಸಿದ್ದಾಳೆ, ಬರೆಸಿಲ್ಲ. ಅವನು ಬಾಗಿಲಲ್ಲಿ ನಿಂತು, ಸಿಟ್ಟು ಮಾಡಬೇಡಿ, ಇದು ನನ್ನ ಮಾತಲ್ಲ, ಅವಳದು ಎಂದು ಮೂರು ಸಲ ಹೇಳಿ ಆಮೇಲೆ ಹೇಳಿದ.

“ಕಾಟ ಸಂತ್ಯಾಗ ಹೊಡದ್ರಿ, ಕಾಗದಾ ಮನಿಗೆ ಕಳಿಸಿದ್ರಿ ಅಂತ ಹೇಳು ಸಾಹೇಬ್ರಿಗೆ, ಅಂದಾಳ್ರಿ.”

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಒಂದು ವರ್ಷದ ಮೇಲೆ ಬಂದ ಸಿಟ್ಟು, ಚಹಾದ ಬಸಿ ಬಿದ್ದು ಒಡೆಯಿತು. ಅವಳು ಹೇಳಿದ್ದರಲ್ಲಿ ಒಂದು ಗ್ರಾಂ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೊಪ್ಪರಿಗೆ ಹೋಯಿತೇ ಎಂದು ಕೇಳಿದೆ. ಮಾರಲು ಕೆಂಚವ್ವ ಬಿಟ್ಟಿಲ್ಲವಂತೆ, ದೀಪಾವಳಿ ಆದ ಮೇಲೆ ನೋಡೋಣ ಎಂದಿದ್ದಾಳಂತೆ.

ಮಳೆಗಾಲ ಕಳೆದು ನವೆಂಬರಿನಲ್ಲಿ ಆಗುವ ಮೊದಲ ಸಂತೆಗೆ ಇಬ್ಬರೂ ಬರಬೇಕೆಂದು, ಆ ಪೆಂಟಿಯನ್ನೂ ತರಬೇಕೆಂದು ಹೇಳಿ ಕಳಿಸಿದೆ.

೫ ನವೆಂಬರ್, ರವಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೈದಾನ ತುಂಬಿತ್ತು. ಹತ್ತು ಗಂಟೆಯಾದರೂ ಅವರು ಬರಲಿಲ್ಲ. ಹನ್ನೊಂದಕ್ಕೆ ಜ್ಞಾನದೇವನ ಟೆಂಪೋ ಬಂತು, ಮುಂದೆ ಕೆಂಚವ್ವ, ಹಿಂದೆ ಮುರಗೆಪ್ಪ. ಅವಳು ನನ್ನ ಮೇಜಿನ ಮೇಲೆ ಅರಿವೆಯ ಗಂಟು ಇಟ್ಟು ಬಿಚ್ಚಿದಳು. ನಾನು ಗುರುತು ಹಿಡಿಯಲಿಲ್ಲ. ಪೆಂಟಿ ಕರ್ರಗಾಗಿತ್ತು. ಒಂದು ಮಳೆಗಾಲ ಗೂಡಿನಲ್ಲಿ ಕೂತು ನೀರೊಡೆದು, ರಾವಸಾಹೇಬನ ಬೆಲ್ಲಕ್ಕಿಂತ ಕಪ್ಪಾಗಿತ್ತು. ನನ್ನ ಎರಡು ಗೆರೆ ಮಾತ್ರ ಬೆಳ್ಳಗೆ ಉಳಿದಿದ್ದವು.

“ಈಗ ನಿಮ್ಮ ಸಂತಿಗೆ ನಡೀತೈತಿ ನೋಡ್ರಿ,” ಎಂದಳು. “ಕೆಟ್ಟ ಮ್ಯಾಲೆ ಸಾಚಾ ಆಗೇತಿ.”

ಧೋತರದ ಚುಂಗಿನಿಂದ ಕಾಟು ಒರೆಸಲು ಹೋದೆ. ಅಳಿಸಲಿಲ್ಲ. ಸುಣ್ಣ ಬೆಲ್ಲದೊಳಗೆ ಇಳಿದುಬಿಟ್ಟಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಇಂಥ ಎಷ್ಟು ಕಾಟು ಹೊಡೆದಿದ್ದೇನೋ. ಅವೆಲ್ಲವನ್ನೂ ಒಬ್ಬಳು ವರ್ಷ ವರ್ಷವೂ ಬಸ್ಸು ಹತ್ತಿ ಒರೆಸಿ ಬರುತ್ತಿದ್ದಳು.

ವಕೀಲರ ಹತ್ತಿರ ಹೋಗಿ ಮೈಕು ಕೇಳಿದೆ. ಅವರಿಗೆ ಅರ್ಥವಾಯಿತು, ಬೇಡ ಎಂದು ಕಣ್ಣಿನಲ್ಲೇ ಹೇಳಿದರು. ಜಿನಮತಿ ಮೈಕನ್ನು ಅವರ ಕೈಯಿಂದ ತೆಗೆದು ನನಗೆ ಕೊಟ್ಟಳು. ನನಗೆ ಭಾಷಣ ಬರುವುದಿಲ್ಲ. ಇಷ್ಟೇ ಹೇಳಿದೆ:

“ಹ್ವಾದ ಹಂಗಾಮದಾಗ ಈ ಬೆಲ್ಲಕ್ಕ ನಾ ಕಾಟ ಹೊಡದೆ. ಬೆಲ್ಲ ಸಾಚಾ ಇತ್ತು. ಖೊಟ್ಟಿ ಇದ್ದದ್ದು ನನ್ನ ಕಣ್ಣು. ಬಣ್ಣ ಬರೂದು ಮಣ್ಣಿಂದ ಅಂತ ಈಕಿ ಹೇಳಿದಳು, ನಾ ಕೇಳಲಿಲ್ಲ, ಬಾಯಾಗ ಹಾಕೊಂಡೂ ನೋಡಲಿಲ್ಲ. ಪೌಡರ್ ಹಾಕಿದ್ದ ಕರಿ ಬೆಲ್ಲಾ ನಾನs ಪಾಸ್ ಮಾಡೇನಿ. ಕೆಂಚವ್ವ, ಮುರಗೆಪ್ಪ, ಇಷ್ಟು ಮಂದಿ ಎದುರಿಗೆ ನಿಮ್ಮ ಮಾನ ತಗದೆ. ಇಷ್ಟು ಮಂದಿ ಎದುರಿಗೇ ಕ್ಷಮಾ ಕೇಳತೀನಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ, ಒಳ್ಳೆಯದಾಯಿತು. ರಾವಸಾಹೇಬ ತನ್ನ ಪೆಂಟಿಗಳನ್ನು ನೋಡಿದ, ನನ್ನನ್ನು ನೋಡಿದ, ಒಂದೊಂದಾಗಿ ಎತ್ತಿ ಗಾಡಿಯಲ್ಲಿ ಇಡತೊಡಗಿದ. ವಕೀಲರು ಗುಲಾಬಿ ಹೂವಿನ ಚೀಲ ಹಿಡಿದು ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ಅವರೇ ಬಂದು ಆ ಕರಿ ಪೆಂಟಿಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

ಮುರಗೆಪ್ಪ ಇಷ್ಟು ದಿನದಲ್ಲಿ ನನ್ನ ಜೊತೆ ಮಾತಾಡಿರಲಿಲ್ಲ. ಈಗ ಹತ್ತಿರ ಬಂದು ಅಂದ: “ಮಂಗಳವಾರ ಒಲಿ ಹಚ್ಚತೀನ್ರಿ. ಬಂದು ನಿಂದರ್ರಿ.” ಮಡ್ಡಿಯ ನಾಲ್ಕೈದು ಮಂದಿ ಅಲ್ಲೇ ಇದ್ದರು. ಅವರಲ್ಲೊಬ್ಬ ಮುದುಕ, ನನ್ನ ಹೊಲದ್ದೂ ಒಂದು ಗಾಡಿ ಕಬ್ಬು ತರುತ್ತೇನೆ ಎಂದ.

೭ ನವೆಂಬರ್, ಮಂಗಳವಾರ

ಮೊದಲ ಬಸ್ಸಿಗೆ ಹೋದೆ. ಒಲೆಯಿಂದ ನಾಯಿಯನ್ನು ಎಬ್ಬಿಸಿ ಕಬ್ಬಿನ ಸಿಪ್ಪೆ ಒಟ್ಟಿದ್ದರು. ಮೂವತ್ತು ಮನೆಯಲ್ಲಿ ಒಂಬತ್ತು ಮನೆಯ ಗಾಡಿ ಬಂದಿದ್ದವು. ಉಳಿದವರು ನೋಡುತ್ತಾರಂತೆ. ನೋಡಲಿ, ಅದು ಅವರ ಹಕ್ಕು. ಕೆಂಚವ್ವ ಹಸಿ ಬೆಂಡೆ ದಂಟು ಜಜ್ಜಿ ಕಿವುಚಲು ನನಗೂ ಒಂದು ಬುಟ್ಟಿ ಕೊಟ್ಟಳು. ಕೈಯೆಲ್ಲ ಲೋಳೆ. ಇನ್ಸ್‌ಪೆಕ್ಟರ್ ಸಾಹೇಬರ ಕೈ ನೋಡಿ ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು.

ಮೂರು ತಾಸು ಕೊಪ್ಪರಿಗೆಯ ಬದಿಗೆ ನಿಂತೆ. ಮುರಗೆಪ್ಪ ಮೇಲೆ ತೇಲಿದ ಹೊಲಸು ತೆಗೆದ, ತೆಗೆದ, ತೆಗೆದ. ಕೊನೆಗೆ ಕುದಿಯುವ ಪಾಕದ ಒಂದು ಹನಿಯನ್ನು ತಣ್ಣೀರಿನಲ್ಲಿ ಬಿಟ್ಟು, ಉಂಡೆ ಮಾಡಿ ನನ್ನ ಅಂಗೈಯಲ್ಲಿಟ್ಟ. ಇಳಿಸುವ ಹದ ಬಂತೇ ಎಂದು ಕೇಳಿದ. ಎಲ್ಲರೂ ನನ್ನನ್ನು ನೋಡುತ್ತಿದ್ದರು.

“ನನಗ ತಿಳಿಯೂದಿಲ್ಲ ಮುರಗೆಪ್ಪಾ,” ಎಂದೆ.

“ಹಂಗಾರ ಬಾಯಾಗ ಹಾಕೋರಿ,” ಎಂದ.

ಹಾಕಿಕೊಂಡೆ. ಒಳಗೆ ಇನ್ನೂ ಬಿಸಿ ಇತ್ತು, ನಾಲಿಗೆ ಸುಟ್ಟಿತು. ಸಿಹಿ ಇತ್ತು.

ಬಸ್ಸಿನಲ್ಲಿ ಬರುವಾಗ, ಮನೆಗೆ ಹೋಗಿ ಸುಗಂಧಾಗೆ ಇದೆಲ್ಲ ಹೇಳಬೇಕು, ‘ಮತ್ತೇನಂದ್ರು ಅವರು?’ ಎಂದು ಅವಳು ಕೇಳಿದರೆ ಕೆಂಚವ್ವ ನಕ್ಕದ್ದನ್ನೂ ಹೇಳಬೇಕು ಎಂದುಕೊಂಡೆ. ಚಿಕ್ಕೋಡಿ ಬರುವವರೆಗೂ ಹಾಗೇ ಅಂದುಕೊಂಡು ಕೂತಿದ್ದೆ. ಬೀಗ ತೆಗೆದು ಒಳಗೆ ಬಂದೆ. ಅವಳು ಇರಲಿಲ್ಲ. ಹದಿನಾರು ತಿಂಗಳಿಂದ ಇಲ್ಲ. ಇವತ್ತು ಅದು ನೋವಾಯಿತು. ಹೊಸ್ತಿಲ ಮೇಲೇ ಕೂತು ಅತ್ತೆ. ಡಬ್ಬಿ ತಂದ ಜಿನಮತಿ ಹೊತ್ತು ಮುಳುಗಿದರೂ ಊಟ ಮಾಡಿ ಎನ್ನಲಿಲ್ಲ.